ಪಾಸ್ಟರಿಗೆ ಈ ವಾರ ಏನು ತ್ರಾಸ?

ಪ್ರೀತಿಯ ಅತ್ತಿ,

ಒಂದು ಮಾತನ್ನು ಬಿಟ್ಟೇ ಈ ಪತ್ರ ಬರೆಯಬೇಕೆಂದಿದ್ದೆ. ಹಾಗೆ ಬರೆದೂ ನೋಡಿದೆ; ಚರ್ಚ್ ಸಭೆಯ ವಾರ್ಷಿಕ ವರದಿಯ ಹಾಗೆ ಕಂಡಿತು, ಹರಿದು ಹಾಕಿದೆ. ಆ ಮಾತು ಇಷ್ಟೇ: ನೀವು ಹೋದಮೇಲೆ ನನಗೆ ಏನೂ ಅನ್ನಿಸುತ್ತಿಲ್ಲ. ನಾನು ಅತ್ತಿಲ್ಲ. ನವೆಂಬರಿನಲ್ಲಿ ನಿಮಗೆ ಮಣ್ಣು ಹಾಕುವಾಗಲೂ ಇಲ್ಲ, ಕ್ರಿಸ್‌ಮಸ್ಸಿಗೆ ಡಬ್ಬಿಯ ತಳದಲ್ಲಿ ನಿಮ್ಮ ಕರ್ಚಿಕಾಯಿ ಅಚ್ಚು ಸಿಕ್ಕಾಗಲೂ ಇಲ್ಲ. ಪ್ರಾರ್ಥನೆಗೆ ಕೂತರೂ ಹಾಗೆಯೇ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಮ್ಮ ತುಟಿ ನಮ್ಮದಲ್ಲದಂತೆ ಆಗುತ್ತದಲ್ಲ, ಹಾಗೆ. ಬ್ಯಾಡಗಿಯ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ನರ್ಸಾಗಿ ದುಡಿದವರು ನೀವು. ಇಂಥ ಮರಗಟ್ಟುವಿಕೆ ಯಾವಾಗ ಇಳಿಯುತ್ತದೆ ಎಂದು ನಿಮ್ಮನ್ನೇ ಕೇಳಬೇಕಿತ್ತು.

ನಿಮ್ಮ ಶನಿವಾರದ ಫೋನು ನೆನಪಾಗುತ್ತದೆ. ಬ್ಯಾಡಗಿಯಲ್ಲಿದ್ದಾಗಲೂ, ಕಾಲು ಸೋತು ರಾಣೆಬೆನ್ನೂರಿಗೆ ನಮ್ಮ ಜೊತೆ ಇರಲು ಬಂದಮೇಲೂ, ಬೆಳಗಿನ ಚಹಾ ಆದಕೂಡಲೇ ಬ್ಯಾಡಗಿ ಸಭೆಯ ಪಾಸ್ಟರ್ ದಾನಿಯೇಲರಿಗೆ ಫೋನ್ ಹಚ್ಚುತ್ತಿದ್ದಿರಿ. “ಪಾಸ್ಟರ್, ಈ ವಾರ ಏನು ತ್ರಾಸ ಐತಿ?” ಅವರು ಮೊದಮೊದಲು, “ಎಲ್ಲ ಚೆನ್ನಾಗಿದೆ ಅಮ್ಮ, ಸುಮ್ನೆ ನಮಗೋಸ್ಕರ ಪ್ರಾರ್ಥನೆ ಮಾಡಿ, ಸಾಕು” ಎನ್ನುತ್ತಿದ್ದರಂತೆ. ನೀವು ಬಿಡುವವರೇ? “ಸುಮ್ಮ ‘ಮೈಯಾಗ ಹುಷಾರಿಲ್ಲ’ ಅಂದ್ರ ಯಾವ ಗುಳಿಗಿ ಕೊಡೂದು? ಎಲ್ಲಿ ನೋಯಾಕತ್ತೈತಿ, ಅದನ್ನ ಹೇಳ್ರಿ.” ಆಗ ಒಂದೊಂದಾಗಿ ಹೊರಬರುತ್ತಿತ್ತು. ಊಟವಾದರೆ ಸಾಕು, ಹೊಟ್ಟೆ ಉರಿ. ಹೆಂಡತಿಯ ಜೊತೆ ಮಾತು ಬಿಟ್ಟಿರುವುದು. ಸಭೆಯ ಒಂದು ಕುಟುಂಬ ಹೇಳದೆ ಕೇಳದೆ ಹಾವೇರಿಯ ದೊಡ್ಡ ಸಭೆಗೆ ಹೋಗಿಬಿಟ್ಟದ್ದು. ನೀವು ವಾರವೆಲ್ಲ ಮಂಚದ ಅಂಚಿನಲ್ಲಿ ಕೂತು ಅದನ್ನೇ, ಅದೊಂದನ್ನೇ ದೇವರಲ್ಲಿ ಕೇಳುತ್ತಿದ್ದಿರಿ. ಮತ್ತೆ ಶನಿವಾರ: “ಹೊಟ್ಟಿ ಉರಿ ಇಳೀತೇನ್ರಿ? ಇನ್ನೂ ಇಲ್ಲಾ? ಹಂಗಾರ ಇನ್ನೊಂದು ವಾರ ನಡೀಲಿ.”

ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಇದು ಪ್ರಾರ್ಥನೆಯೋ, ಔಷಧಿ ಚೀಟಿಯೋ? ಹಾವೇರಿಯ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಬೇರೆ: ಕೈ ಜೋಡಿಸಿ, ಕಣ್ಣು ಮುಚ್ಚಿ, ಗ್ರೇಶಿಯಸ್ ಹೆವನ್ಲಿ ಫಾದರ್ ಎಂದು ಶುರುಮಾಡಿದರೆ ಉಳಿದದ್ದು ತಾನೇ ಬರುತ್ತಿತ್ತು. ಮದುವೆಯಾಗಿ ಬಂದಮೇಲೂ ನನ್ನ ಪ್ರಾರ್ಥನೆ ಇಂಗ್ಲಿಷಿನಲ್ಲೇ. “ಸುನೀತಾ, ನಿನ್ನ ದೇವರು ಲಂಡನ್ನಾಗ ಇರ್ತಾನೇನು? ಬ್ಯಾಡಗಿ ಪಾಸ್ಟರ್ ಹೊಟ್ಟಿ ಉರಿ ಅವಗ ಹೆಂಗ ತಿಳೀಬೇಕು?” ಎಂದು ನೀವು ಕೆಣಕಿದರೆ, ನಾನು ನಕ್ಕುಬಿಡುತ್ತಿದ್ದೆ. ಕನ್ನಡದಲ್ಲಿ ದೇವರ ಜೊತೆ ಮಾತಾಡಲು ನನಗೆ ನಾಚಿಕೆಯಾಗುತ್ತಿತ್ತು. ಮನೆಯವರ ಮುಂದೆ ಹಾಡಲು ಆಗುವ ಹಾಗೆ.

ಒಮ್ಮೆ ಬಟ್ಟೆ ಮಡಚುತ್ತ ಕೂತಿದ್ದಾಗ ನಾನೇ ಕೇಳಿದ್ದೆ. “ಅತ್ತಿ, ಪ್ರಾರ್ಥನಾ ಮಾಡೂವಾಗ ನಿಮಗ ಏನರ ಅನಸ್ತೈತೇನ್ರಿ?” ನೀವು ಟವೆಲ್ಲಿನ ಅಂಚು ಸರಿಮಾಡುತ್ತಲೇ ಹೇಳಿದಿರಿ: “ಏನು ಅನಸೂದು? ಇಂಜೆಕ್ಷನ್ ಮಾಡೂವಾಗ ನನಗೇನರ ಅನಸ್ತಿತ್ತೇನು? ಹೊತ್ತಿಗೆ ಸರಿಯಾಗಿ ಹೋಗಿ ಚುಚ್ಚಿ ಬರ್ತಿದ್ದೆ. ಜ್ವರಾ ಅವರದು ಇಳೀತಿತ್ತು.” ಆಗ ಅದು ಮಾತು ತೇಲಿಸುವ ಉತ್ತರ ಎಂದುಕೊಂಡೆ. ಈಗ ಹಾಗೆನ್ನಿಸುವುದಿಲ್ಲ. ಆದರೆ ನಿಮಗೆ ನಿಜಕ್ಕೂ ಏನೂ ಅನ್ನಿಸುತ್ತಿರಲಿಲ್ಲವೇ, ಅಥವಾ ನನ್ನ ಸಮಾಧಾನಕ್ಕೆಂದು...

ಪಾಸ್ಟರು ಕೋಲಾರದ ಕಡೆಯಿಂದ ಬ್ಯಾಡಗಿಗೆ ಬಂದ ಹೊಸತರಲ್ಲಿ ನಡೆದದ್ದನ್ನು ನೀವು ಎಷ್ಟು ಸಲ ಹೇಳಿ ನಕ್ಕಿದ್ದೀರಿ! ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯ ಹಿಂದಿನ ತಗಡಿನ ಹಾಲಿನಲ್ಲಿ ಭಾನುವಾರ ಸಂಜೆಯ ಆರಾಧನೆ. ಹೆಂಗಸರೆಲ್ಲ ಕಾಯಿಯ ತೊಟ್ಟು ಮುರಿಯುವ ಕೆಲಸದಿಂದ ನೇರವಾಗಿ ಬಂದು ಕೂತವರು, ಸೆರಗಿನ ತುಂಬ ಘಾಟು. ನಮ್ಮ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ಮೇಲೆ ಫ್ಯಾನು ತಿರುಗಿದರೆ ಸಾಕು, ಘಾಟು ಕಣ್ಣಿಗೆ ಹತ್ತುತ್ತದೆ. ಪಾಸ್ಟರು ಬೈಬಲ್ ವಾಕ್ಯ ಓದಿ ಪ್ರಸಂಗ ಮಾಡುತ್ತಿದ್ದ ಹಾಗೆ ಒಬ್ಬೊಬ್ಬರೇ ಕಣ್ಣು ಒರೆಸತೊಡಗಿದರು. ಅವರು ದನಿ ತಗ್ಗಿಸಿದರು, ಪ್ರಸಂಗವನ್ನು ಇನ್ನಷ್ಟು ಎಳೆದರು. ಮುಗಿದಮೇಲೆ ನಿಮ್ಮ ಹತ್ತಿರ ಬಂದು, “ಅಮ್ಮ, ಜನ ಎಷ್ಟು ಕರಗಿಹೋದ್ರು ನೋಡಿದ್ರಾ?” ಎಂದರು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ನೀವು ಆ ಹೆಂಗಸರನ್ನು ಹೊರಗೆ ಕರೆದುಕೊಂಡು ಹೋಗಿ ಬೈದಿರಿ. “ಒಬ್ಬಾಕಿನೂ ಬಾಯಿ ಬಿಡಬ್ಯಾಡ್ರಿ. ಬಂದ ಹೊಸದಾಗ ಮನುಷ್ಯಾಗ ಇಷ್ಟರ ಹುರುಪು ಬ್ಯಾಡೇನು?” ಅವತ್ತಿನಿಂದ ಸಭೆಯ ಒಬ್ಬರೂ ಬಾಯಿ ಬಿಡಲಿಲ್ಲ. ಅದರ ಮುಂದಿನ ಕಥೆ ನಿಮಗೆ ಗೊತ್ತಿಲ್ಲ. ಹೇಳುತ್ತೇನೆ.

ನಿಮ್ಮನ್ನು ಮಣ್ಣು ಮಾಡಿ ಬಂದ ಮೊದಲ ಶನಿವಾರ ನಿಮ್ಮ ಫೋನು ರಿಂಗಾಯಿತು. ನಿಮ್ಮ ಮಗ ಅದನ್ನು ಎತ್ತಲಾರದೆ ನನ್ನ ಮುಖ ನೋಡಿದರು. ನಾನು ಎತ್ತಿದೆ. ಆ ಕಡೆಯಿಂದ ಪಾಸ್ಟರು “ಅಮ್ಮ” ಎಂದು, ತಕ್ಷಣ ನಾಲಗೆ ಕಚ್ಚಿಕೊಂಡರು. “ಕ್ಷಮಿಸಿ ಸಿಸ್ಟರ್. ನೀವು ಫೋನ್ ಮಾಡ್ಲಿಲ್ಲವಲ್ಲ ಅಂತ... ಅಂದ್ರೆ, ಅಮ್ಮ ಮಾಡ್ಲಿಲ್ಲವಲ್ಲ ಅಂತ...” ಏನಾದರೂ ಹೇಳಬೇಕಲ್ಲ ಎಂದು ನಾನು ನಿಮ್ಮ ಮಾತನ್ನೇ ಹೇಳಿದೆ: “ಈ ವಾರ ಏನು ತ್ರಾಸ ಐತಿ, ಪಾಸ್ಟರ್?” ನಿದ್ದೆ ಬರುತ್ತಿಲ್ಲ ಎಂದರು.

ಅಂದಿನಿಂದ ಶನಿವಾರ ಫೋನ್ ಮಾಡುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ಬೀಜ ಕಂಪನಿಗೆ ಹೊರಡುವ ಮೊದಲು ನಿಮ್ಮ ಮಂಚದ ಅಂಚಿನಲ್ಲಿ ಕೂತು ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ದೇವರಿಗೆ ಒಪ್ಪಿಸಿ ಏಳುತ್ತಿದ್ದೆ. ಒಳಗೆ ಏನೂ ಅಲುಗುತ್ತಿರಲಿಲ್ಲ. ಲ್ಯಾಬಿನಲ್ಲಿ ನನ್ನ ಕೆಲಸ ನಿಮಗೆ ಗೊತ್ತಲ್ಲ: ಒದ್ದೆ ಕಾಗದದಲ್ಲಿ ಇಟ್ಟ ಬೀಜ ಮೊಳೆಯದೆ ಉಳಿದರೆ ಚಿಮಟಿಗೆಯಿಂದ ಒತ್ತಿ ನೋಡುತ್ತೇವೆ. ಮೆತ್ತಗೆ ಕುಸಿದರೆ ಸತ್ತಿದೆ. ಗಟ್ಟಿಯಾಗಿದ್ದರೆ ಮಲಗಿದೆ, ಅಷ್ಟೆ. ನನ್ನನ್ನು ಯಾರಾದರೂ ಹಾಗೆ ಒತ್ತಿ ನೋಡಿದರೆ...

ಕಳೆದ ತಿಂಗಳ ಒಂದು ಶನಿವಾರ ಪಾಸ್ಟರು, “ಇನ್ನು ಮೇಲೆ ನನಗೋಸ್ಕರ ಏನೂ ಕೇಳ್ಬೇಡಿ ಸಿಸ್ಟರ್” ಎಂದರು. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸವಂತೆ. ಹೆಂಡತಿಯ ಕಡೆಯವರು ಗೊತ್ತು ಮಾಡಿದ್ದಾರೆ. ಮಾರ್ಚ್ ಎರಡು, ಸೋಮವಾರ ಹಾಜರಾಗಬೇಕು. ಅದರ ಹಿಂದಿನ ದಿನ ಭಾನುವಾರ ಸಭೆಗೆ ತಿಳಿಸಿ ಮುಗಿಸಿಬಿಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಆ ದನಿಯ ಪರಿಚಯ ನನಗಿತ್ತು, ನನ್ನದೂ ಅದೇ. ಅವರು ಹೋದರೆ ಬ್ಯಾಡಗಿಯ ಆ ತಗಡಿನ ಹಾಲಿಗೆ ಬೇರೆ ಯಾರು ಬರುತ್ತಾರೆ? ನೀವು ವರ್ಷಗಟ್ಟಲೆ ಹಿಡಿದು ನಿಲ್ಲಿಸಿದ ಮನುಷ್ಯ ನನ್ನ ಕೈಗೆ ಬಂದ ಮೊದಲ ಸುಗ್ಗಿಯಲ್ಲೇ ಎದ್ದು ಹೋಗುವುದೇ? ನಿಮ್ಮ ಮಗ, “ಅವರ ಸಂಸಾರ ಅವರಿಗೆ ಗೊತ್ತು, ನೀ ಏನು ಮಾಡಾಕಿ?” ಎಂದರು. ಅದೂ ಸರಿಯೇ.

ಫೆಬ್ರವರಿಯ ಕೊನೆಯ ಶನಿವಾರ ಫೋನ್ ಮಾಡುವ ಬದಲು ಬಸ್ಸು ಹತ್ತಿದೆ. ಕದರಮಂಡಲಗಿಯ ಹನುಮಪ್ಪನಿಗೆ ಹೊರಟವರಿಂದ ಬಸ್ಸು ತುಂಬಿತ್ತು. ಪಕ್ಕದಲ್ಲಿ ಕೂತ ಹಿರಿಯ ಹೆಂಗಸು, “ನೀವೂ ಹನುಮಪ್ಪಗೇನ್ರಿ?” ಎಂದು ಕೇಳಿದಳು. ಬ್ಯಾಡಗಿಗೆ, ಒಬ್ಬರ ಸಲುವಾಗಿ ಪ್ರಾರ್ಥನೆ ಮಾಡಲು ಎಂದೆ. “ನಾನೂ ಹಂಗ ನೋಡ್ರಿ. ಸೊಸಿ ಸಲುವಾಗಿ ಹೊಂಟೇನಿ. ಆಕಿಗೆ ಗೊತ್ತ ಇಲ್ಲ” ಎಂದು ಕಾಯಿ, ಎಲೆಯ ಚೀಲ ಸರಿಮಾಡಿಕೊಂಡು ಇಳಿದುಹೋದಳು.

ಪಾಸ್ಟರ ಮನೆಯ ಬಾಗಿಲು ತೆಗೆದದ್ದು ಅವರ ಹೆಂಡತಿ, ಪಾಸ್ಟರಮ್ಮ. ಒಳಗೆ ಪಾಸ್ಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. “ಬೇಡ ಅಂದಿದ್ದೆನಲ್ಲ ಸಿಸ್ಟರ್.” ಬೇಡ ಎಂದಾಗಲೇ ಅತ್ತಿ ಬರುತ್ತಿದ್ದರು ಎಂದೆ. ಅವರು ನೆಲ ನೋಡುತ್ತ ಹೇಳಿದರು: “ವಾರವೆಲ್ಲ ಜನ ಬಂದು ಅವರ ಕಷ್ಟ ಹೇಳ್ಕೊತಾರೆ. ನಿನಗೇನಪ್ಪಾ ಕಷ್ಟ ಅಂತ ಕೇಳ್ತಿದ್ದವರು ಅಮ್ಮ ಒಬ್ಬರೇ. ನೀವೂ ಕೇಳ್ತೀರಿ, ಇಲ್ಲ ಅನ್ನಲ್ಲ. ಆದ್ರೆ ನೀವು ಕೇಳಿದ್ರೆ ಬ್ಯಾಂಕಿಂದ ಫೋನ್ ಬಂದಂಗಿರುತ್ತೆ.” ಪಾಸ್ಟರಮ್ಮ, “ಅಯ್ಯ, ಸುಮ್ಮನಿರ್ರಿ! ಮನಿಗೆ ಬಂದವರಿಗೆ ಹಂಗ ಅಂತಾರೇನು?” ಎಂದು ಗದರಿದರು. ನನಗೆ ಬೇಜಾರಾಗಲಿಲ್ಲ. ಅವರು ಹೇಳಿದ್ದು ಖರೆ. ಯಾಕೆ ಹಾಗಿರುತ್ತದೆ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಪ್ರಾರ್ಥನೆ ಮಾಡಿ ಹೊರಡುತ್ತೇನೆ ಎಂದೆ. ಕಣ್ಣು ಮುಚ್ಚಿದೆವು. ಗ್ರೇಶಿಯಸ್ ಎಂದು ಶುರು ಮಾಡಿ ನಿಲ್ಲಿಸಿದೆ. ಬ್ಯಾಂಕಿನವರು ಮಾತಾಡುವುದು ಹೀಗೆಯೇ ತಾನೇ? ಕನ್ನಡದಲ್ಲಿ ಮೊದಲಿನಿಂದ ಹಿಡಿದೆ. ತಲೆಯಲ್ಲಿ ಇದ್ದದ್ದು ಶಾಲೆಯ ಮಾತು, ‘ಲಿಫ್ಟ್ ಹಿಮ್ ಅಪ್’. ಕುಗ್ಗಿದವರನ್ನು ಮೇಲೆತ್ತಿ ನಿಲ್ಲಿಸು ಎಂದು ಅದರ ಅರ್ಥ. ಬಾಯಿಂದ ಬಂದದ್ದು ಬೇರೆ: “ತಂದೆಯೇ, ಈ ನಿನ್ನ ಸೇವಕನನ್ನು ಎತ್ತಿಕೋ. ಮೇಲಕ್ಕೆ ಎತ್ತಿಕೋ. ಇನ್ನು ತಡಮಾಡಬೇಡ.”

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರಮ್ಮ ನನ್ನ ಕೈ ಹಿಡಿದರು. “ಅಕ್ಕಾರ, ಈಗ ಬ್ಯಾಡ್ರಿ! ಮಕ್ಕಳು ಇನ್ನೂ ಸಣ್ಣವು ಅದಾವು.”

ಪಾಸ್ಟರು ನಕ್ಕರು, ಅತ್ತಿ. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. ಕುರ್ಚಿ ಕಿರುಗುಟ್ಟಿತು. “ತಡಮಾಡಬೇಡ ಅಂದ್ರಲ್ಲ ಸಿಸ್ಟರ್, ಸೋಮವಾರದ ತನಕನಾದ್ರೂ ಬಿಡಿ!” ಎಂದು ಕಣ್ಣು ಒರೆಸಿಕೊಂಡರು. ಪಾಸ್ಟರಮ್ಮ, “ನೋಡ್ರಿ, ಇವತ್ತ ಘಾಟಿಲ್ಲದ ಕಣ್ಣಾಗ ನೀರು ಬಂತು” ಎಂದು ಬಾಯಿ ತಪ್ಪಿ ಅಂದುಬಿಟ್ಟರು. ನಾನು ಗಾಬರಿಯಾದೆ, ಅದು ನೀವು ಕಾಯ್ದ ಗುಟ್ಟು. ಪಾಸ್ಟರು ಮಾತ್ರ ಇನ್ನೂ ಜೋರಾಗಿ ನಕ್ಕರು. “ಎರಡನೇ ಸುಗ್ಗಿಗೇ ನನಗೆ ಗೊತ್ತಾಗಿತ್ತು. ಆಮೇಲೆ ಪ್ರಸಂಗ ಸಪ್ಪೆಯಾದಾಗಲೆಲ್ಲ ನಾನೇ ಫ್ಯಾನ್ ಜಾಸ್ತಿ ಮಾಡ್ತಿದ್ದೆ. ಅಮ್ಮನಿಗೆ ಹೇಳೋಣ ಅಂತಿದ್ದೆ. ಅವರು ಅಷ್ಟು ಜೋಪಾನ ಮಾಡಿದ್ದನ್ನ ಕೆಡಿಸೋಕೆ ಮನಸ್ಸಾಗ್ಲಿಲ್ಲ.” ಕೇಳಿದಿರಾ? ಯಾರು ಯಾರನ್ನು ಕಾಯುತ್ತಿದ್ದಿರಿ ನೀವಿಬ್ಬರೂ?

ನಗು ನಿಂತಮೇಲೆ ಅವರು ತಾವಾಗಿಯೇ ಹೇಳಿದರು, ನೀವು ಕಲಿಸಿದ ಹಾಗೆ, ಎಲ್ಲಿ ನೋಯುತ್ತದೆ ಎಂದು. “ನಾಳೆಗೆ ವಾಕ್ಯ ಸಿಕ್ಕಿಲ್ಲ ಸಿಸ್ಟರ್. ಅಮ್ಮ ಹೋದಮೇಲೆ ಪ್ರಸಂಗಕ್ಕೆ ನಿಂತ್ರೆ ಒಳಗೆ ಖಾಲಿ. ಅದನ್ನ ಕೇಳಿ.” ಮತ್ತೆ ಕಣ್ಣು ಮುಚ್ಚಿದೆವು. “ಇವರಿಗೆ ನಾಳೆಗೆ ಒಂದು ಮಾತು ಕೊಡು” ಎಂದೆ. ಅದಕ್ಕಿಂತ ಹೆಚ್ಚಿಗೆ ನನಗೆ ಕನ್ನಡ ಹೊಳೆಯಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದೆ. ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ.

ಭಾನುವಾರ ನಾನೂ ನಿಮ್ಮ ಮಗನೂ ಹೋಗಿದ್ದೆವು. ಪ್ರಸಂಗ ಚಿಕ್ಕದಾಗಿತ್ತು, ಅಂಥ ದೊಡ್ಡ ಪ್ರಸಂಗವೇನಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ತೂಕಡಿಸಿದರು. ಬಿಟ್ಟುಹೋಗುವ ಮಾತನ್ನು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕೊನೆಯ ಹಾಡಿನವರೆಗೂ ಕಾದೆ. ಹೇಳಲಿಲ್ಲ. ಸೋಮವಾರ ಮಧ್ಯಾಹ್ನ ಲ್ಯಾಬಿಗೆ ಪಾಸ್ಟರಮ್ಮನ ಫೋನು ಬಂತು. “ಅಕ್ಕಾರ, ಇವರು ಕುಮಾರಪಟ್ಟಣದ ಬಸ್ ಹತ್ತಲಿಲ್ರಿ. ಡ್ಯೂಟಿಗೆ ಅಂತ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೆ. ಅದನ್ನ ಹಾಕ್ಕೊಂಡು ಆಸ್ಪತ್ರಿಗೆ ಹೋಗ್ಯಾರ, ಯಾರಿಗೋ ಪ್ರಾರ್ಥನಾ ಮಾಡಾಕ. ಕೆಲಸಾ ಕೊಡಿಸಿದ ನಮ್ಮ ಕಡಿಯವರು ಬೈತಾರ ಅಂದ್ರ, ‘ಒಂದು ವಾರ ನೋಡೋಣ’ ಅಂದ್ರು.”

ಒಂದು ವಾರ. ಅದು ಪ್ರಾರ್ಥನೆಯಿಂದಲೋ, ನನ್ನ ಹರಕು ಕನ್ನಡದಿಂದಲೋ, ನಾನು ತೀರ್ಪು ಕೊಡಲಾರೆ. ಫ್ಯಾಕ್ಟರಿಯವರು ಇನ್ನೊಮ್ಮೆ ಕರೆಯಬಹುದು, ಪಾಸ್ಟರು ಹೋಗಲೂಬಹುದು. ವಾರ ಮುಗಿದರೆ ಇನ್ನೊಂದು ವಾರ ಕೇಳುತ್ತೇನೆ. ಅನ್ನಿಸಲಿ, ಅನ್ನಿಸದಿರಲಿ, ಹೊತ್ತಿಗೆ ಸರಿಯಾಗಿ, ಕನ್ನಡದಲ್ಲಿ. ಇಷ್ಟನ್ನು ನಿಮಗೆ ಮಾತು ಕೊಡುತ್ತೇನೆ.

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದು, ಬ್ಯಾಡಗಿಯ ಸಭೆಯ ವಿಳಾಸ ಹಾಕಿದ್ದೇನೆ. ಪೋಸ್ಟ್‌ಮ್ಯಾನ್ ಅದನ್ನು ಪಾಸ್ಟರ ಕೈಗೇ ಕೊಡುತ್ತಾನೆ, ಅವರು ಓದುತ್ತಾರೆ. ಓದಲಿ. ಅವರಿಗಾಗಿ ಬೇಡುವವಳ ಒಳಗೂ ಖಾಲಿಯೇ ಇದೆ ಎಂಬುದು ಅವರಿಗೆ ಗೊತ್ತಿರಲಿ.

ಅಂಚೆಗೆ ಹಾಕುವುದು ಮಾರ್ಚ್ ಏಳು, ಶನಿವಾರ, ಅವರಿಗೆ ಫೋನ್ ಮಾಡಿದ ಮೇಲೆ.

ನಿಮ್ಮ ಸೊಸೆ,
ಸುನೀತಾ