ದೋಣಿಯಲ್ಲಿ ಎದ್ದು ನಿಲ್ಲುವವನಿಗೆ

ವಿಠಲಾ,

ಕಾರ್ಕಳಕ್ಕೆ ಹೊರಟೆ, ಸಂಜೆ ಬರುತ್ತೇನೆ. ಒಲೆಯ ಮೇಲೆ ಗಂಜಿ ಉಂಟು. ಗಾಳಕ್ಕೆ ಕಟ್ಟುವ ನಿನ್ನ ಪ್ಲಾಸ್ಟಿಕ್ ಮೀನು ಕಿಟಕಿಯಲ್ಲಿ ಒಣಗುತ್ತಿದೆ. ದೋಣಿಯ ಹುಟ್ಟನ್ನು ಹುಡುಕಬೇಡ, ಅದು ನನ್ನ ಜೊತೆ ಬರುತ್ತಿದೆ. ಬಸ್ಸಿನ ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದರೆ ದುಡ್ಡು ಕೊಡುತ್ತೇನೆ.

ನೀನು ಮಸ್ಕತ್ತಿನಿಂದ ತಂದ ರೀಲಿನ ಗಾಳವನ್ನು ಎದ್ದು ನಿಂತೇ ಬೀಸಬೇಕೆಂದು ನಿನ್ನ ಪುಸ್ತಕದಲ್ಲಿ ಬರೆದಿರಬಹುದು. ಅದರ ಚಿತ್ರದಲ್ಲಿರುವ ದೋಣಿ ನಮ್ಮ ಜಗಲಿಯಷ್ಟು ಅಗಲ ಉಂಟು. ನಮ್ಮದರಲ್ಲಿ ಕೆಮ್ಮಿದರೂ ನೀರು ಒಳಗೆ ಬರುತ್ತದೆ. ನಿನ್ನೆ ನೀನು ಎದ್ದು ನಿಂತು ದೋಣಿ ಮಗುಚಿದ್ದನ್ನು ಕೇಳಿ ಅಮ್ಮ, "ನಿಲ್ಲಲಿಕ್ಕೆ ಅದೆಂತ ಬಸ್ಸಾ ಮಾರಾಯ್ತಿ?" ಎಂದು ನಕ್ಕರು. ಆಮೇಲೆ ಬೆಳಗಿನ ತನಕ ಅವರೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ನಿನಗೆ ಈಜು ಬಾರದು. ನಿನ್ನೆ ನಿನ್ನನ್ನು ನೀರಿನಿಂದ ಎಳೆದು ಹಾಕಿದ ಕಾಸಿಂ ದಿನವೂ ಹತ್ತಿರ ಇರುವುದಿಲ್ಲ.

ಬೀಸಲೇಬೇಕಾದರೆ ಹೊಳೆಯ ದಡದಲ್ಲಿ ನಿಂತು ಬೀಸು. ಬಿದ್ದರೆ ಲುಂಗಿ ಮಾತ್ರ ಒದ್ದೆಯಾಗಲಿ.

ಕುಶಲಕ್ಕ