ಲಮೆಟ್ಟಾ ನಮ್ಮೂರಿನದಲ್ಲ

ಅಪ್ಪಾ,

ವಾದದಲ್ಲಿ ಗೆದ್ದವಳು ನಾನೇ. ಕ್ರಿಸ್‌ಮಸ್ ಮರಕ್ಕೆ ಇಳಿಬಿಡುವ ಬೆಳ್ಳಿಬಣ್ಣದ ಎಳೆಗಳಿಗೆ ಲಮೆಟ್ಟಾ ಎಂಬ ಅಪ್ಪಟ ಜರ್ಮನ್ ಹೆಸರು ಹುಟ್ಟಿದ್ದು ನಮ್ಮ ರೋಟ್ ಊರಿನಲ್ಲಿ, ನೀನು ಈ ಎಳೆ ತಯಾರಿಸುತ್ತ ದುಡಿದ ಕಾರ್ಖಾನೆಯಲ್ಲೇ ಎಂದು ಮೇಜು ಗುದ್ದಿ ಹೇಳುತ್ತಿದ್ದೆಯಲ್ಲ? ಇಂದು ಮರದ ಅಲಂಕಾರ ಬಿಚ್ಚುವಾಗ, ಪಕ್ಕದ ಮನೆಗೆ ಹೊಸದಾಗಿ ಬಂದ ಇಟಲಿಯ ಒರ್ನೆಲ್ಲಾಳನ್ನು ಕೇಳಿಯೇಬಿಟ್ಟೆ.

"ಅಯ್ಯೋ, ಅದು ನಮ್ಮ ಮಾತು ಕಣೇ! ಲಾಮಾ ಅಂದ್ರೆ ಕತ್ತಿ ಅಲಗು, ಲಮೆಟ್ಟಾ ಅಂದ್ರೆ ಪುಟ್ಟ ಅಲಗು. ನಮ್ಮನೆಯವರು ಗಡ್ಡ ಹೆರೆಯೋ ಬ್ಲೇಡಿಗೂ ಅದೇ ಹೆಸರು. ಎಲ್ಲಿ, ನಿಮ್ಮಪ್ಪನ್ನ ಕರಿ, ನಾನೇ ಹೇಳ್ತೀನಿ."

"ಇದ್ದಿದ್ರೂ ಒಪ್ತಿರ್ಲಿಲ್ಲ ಬಿಡು," ಎಂದೆ.

ನನ್ನ ಮದುವೆಯಾದ ವರ್ಷ, ನಾನು ಎಳೆ ಬಿಡಿಸುವ ತಾಳ್ಮೆಯಿಲ್ಲದೆ, ಮರವನ್ನು ಹಾಗೆಯೇ ಬೀದಿಗೆ ಎಸೆದಿದ್ದೆ. ನೀನು ಕೋಟು ತೊಟ್ಟು ಹೋಗಿ, ಹಿಮದಲ್ಲಿ ಬಗ್ಗಿ ನಿಂತು, ಒಂದೊಂದಾಗಿ ಬಿಡಿಸಿಕೊಂಡು ಬಂದೆ. ನಾನು ಕಿಟಕಿಯಲ್ಲೇ ನಿಂತಿದ್ದೆ.

ಒರ್ನೆಲ್ಲಾ ಹೋದ ಮೇಲೆ, ಗೆದ್ದ ನಾನು, ಸಂಜೆಯವರೆಗೂ ಕೂತು ಪ್ರತಿ ಎಳೆಯನ್ನೂ ನಿನ್ನಂತೆಯೇ ಹೆಬ್ಬೆರಳಿನಿಂದ ನೀವಿ, ನೇರ ಮಾಡಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟೆ. ಒಂದೂ ಹರಿದಿಲ್ಲ. ಬೇಕಾದರೆ ಬಂದು ನೋಡು.

ನಿನ್ನ ಹಟಮಾರಿ,
ಗೆರ್‌ಲಿಂಡೆ