ಮೂರು ಮಾರು ದೂರ

ನನ್ನ ಹೊನ್ನಕ್ಕನಿಗೆ,

ಜೀರಹಳ್ಳಿಯಿಂದ ನಿನ್ನ ಬಾಯಿಬಡಕಿ ತಂಗಿ ಪುಷ್ಪ ಬರೆಯುತ್ತಿದ್ದೇನೆ. ನೀನು ಹೋಗಿ ಮೂರು ವರ್ಷವಾಯಿತು. ಓದುವವಳಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೆನಪಿದೆಯಾ, ಮುಟ್ಟು ನಿಂತು ಎರಡು ವರ್ಷವಾದ ಮೇಲೆ ನಿನಗೆ ಮತ್ತೆ ರಕ್ತ ಕಂಡಿತು. ನಮ್ಮ ಪದ್ಧತಿಯಂತೆ ನೀನು ಊರಾಚೆಯ ಮುಟ್ಟಿನ ಗುಡ್ಲಿಗೆ ಹೋಗಿ ಕೂತೆ. ನಾನು ಮುದ್ದೆ, ಅವರೆಕಾಳು ಸಾರು ತಂದು ಕಲ್ಲಿನ ಮೇಲಿಟ್ಟು, ಮೂರು ಮಾರು ಹಿಂದೆ ಸರಿದು ನಿಲ್ಲುತ್ತಿದ್ದೆ. "ನಾ ಮತ್ತೆ ವಯಸ್ಗೆ ಬಂದಿವ್ನಿ ಕಣಮ್ಮಿ, ಆರತಿ ಎತ್ತು" ಅಂತ ನೀನು ನಗುತ್ತಿದ್ದೆ. ನಾನೂ ಸುಮ್ಮನಿದ್ದೆನೇ? "ಭಾವಂಗೆ ಏಳ್ಬುಟ್ಟು ಒಸ ಸೀರೆ ತರಿಸ್ತೀನಿ ಇರು" ಅಂದೆ. ಥೂ, ನನ್ನ ಬಾಯಿಗಿಷ್ಟು! ಆಮೇಲೆ ನೀನು ಹದಿನೈದು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಆಚೆ ಕೂತೆ. ಮುಂದಿನ ಸಲಕ್ಕೆ ನಿಂತೀತು ಅಂದುಕೊಂಡೆವು. ಮುಟ್ಟು ಅಂದೆವೇ ಹೊರತು ರೋಗ ಅನ್ನಲಿಲ್ಲ. ನೀನು ಸೊರಗಿದ್ದು ಆ ಮೂರು ಮಾರು ದೂರದಿಂದ ನನಗೆ ಕಾಣಲೇ ಇಲ್ಲ. ಈರೋಡಿನ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಪೂರಾ ಹಬ್ಬಿತ್ತು.

ಊರಬಾಯಿ ಬಿಟ್ಟೀತೇ? ಏನು ಪಾಪ ಮಾಡಿದ್ದಳೋ ಅಂದರು. ಹೋದ ತಿಂಗಳು ಹಾಸನೂರಿನ ಕ್ಯಾಂಪಿಗೆ ಬಂದ ಡಾಕ್ಟರಮ್ಮನನ್ನು ಅದನ್ನೇ ಕೇಳಿದೆ. ಈ ರೋಗ ಬರುವುದು ಒಂದು ವೈರಸ್ಸಿನಿಂದಂತೆ, ಸಂಸಾರ ಮಾಡುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಅದು ತಗಲುತ್ತದಂತೆ. ಪಾಪಪುಣ್ಯದ ಮಾತೇ ಇಲ್ಲವಂತೆ. ನಮ್ಮ ಹಾಗೆ ಅದಕ್ಕೂ ಕುಲಗಳಿವೆಯಂತೆ ಅಕ್ಕ, ಒಂದೊಂದು ಕುಲದೊಳಗೆ ಕವಲುಗಳು ಬೇರೆ. ಹೆಚ್ಚಿನವು ಬಂದ ದಾರಿಗೆ ಸುಂಕವಿಲ್ಲದೆ ತಾವೇ ಹೋಗುತ್ತವೆ. ಕೆಲವು ಕವಲು ಮಾತ್ರ ವರ್ಷಗಟ್ಟಲೆ ಬೇರುಬಿಟ್ಟು ಕೂತು ಕ್ಯಾನ್ಸರ್ ತರುತ್ತವೆ. ನಿನ್ನಲ್ಲಿದ್ದದ್ದು ಯಾವುದೋ, ಈಗ ಹೇಳಲಾಗದು ಅಂದರು. ನನ್ನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನನ್ನನ್ನು ಬಿಟ್ಟು ನಿನ್ನನ್ನೇ ಯಾಕೆ ಹಿಡಿಯಿತು?

ಇವತ್ತು ಅದೇ ರೋಗ ಬಾರದಂತೆ ಹಾಸನೂರಿನಲ್ಲಿ ಹೆಣ್ಣುಮಕ್ಕಳಿಗೆ ಊಸಿ, ಅಂದರೆ ಚುಚ್ಚುಮದ್ದು, ಹಾಕುವ ದಿನ. ನಿನ್ನ ಮಗಳು ಪರಿಮಳಳಿಗೆ ಈಗ ಹದಿಮೂರು. ನೋಡು ಗ್ರಹಚಾರ, ಬೆಳಿಗ್ಗೆಯೇ ಅವಳು ಆಚೆ ಕೂತಿದ್ದಳು. "ಗುಡ್ಲಲ್ಲಿರೋಳ್ನ ಎಂಗಮ್ಮಿ ಕರ್ಕೊಂಡೋದೀಯೆ? ಮುಂದ್ಲ ಸಲ ನೋಡಾನ ಬುಡು" ಅಂದರು ನಿನ್ನ ಯಜಮಾನರು, ಮರಿಯ ಭಾವ. ಮುಂದಿನ ಸಲ, ಮುಂದಿನ ಸಲ ಅಂತಲೇ ಅಲ್ಲವೇ ನಿನ್ನನ್ನು ಕಳೆದುಕೊಂಡದ್ದು! ಎಲ್ಲಿತ್ತೋ ಸಿಟ್ಟು, ನೆಟ್ಟಗೆ ಗುಡ್ಲಿಗೆ ನಡೆದೆ. ಆ ಕಲ್ಲು ಅಲ್ಲೇ ಇತ್ತು. "ಮುಟ್ಬ್ಯಾಡ ಚಿಕ್ಕವ್ವ" ಅಂದಳು ಹುಡುಗಿ, ನಿನ್ನದೇ ದನಿ. ಕಲ್ಲು ದಾಟಿ ಹೋಗಿ ಕೈಹಿಡಿದು ಎಬ್ಬಿಸಿದೆ. ಹಿಂದೆಯೇ ಬಂದಿದ್ದ ಭಾವ ನನ್ನ ಮುಖ ನೋಡಿ ದಾರಿ ಬಿಟ್ಟರು. ಬಸ್ಸಿನಲ್ಲೂ ಆ ಕೈ ಬಿಡಲಿಲ್ಲ ನಾನು. ಊಸಿ ಚುಚ್ಚಿದ್ದು ಅವಳಿಗೆ, ಅತ್ತದ್ದು ನಾನು.

ಅಕ್ಕ, ನಿನ್ನ ಕೊನೆಯ ವರ್ಷದಲ್ಲಿ ನಾನು ನಿನ್ನ ತಲೆ ಬಾಚಲಿಲ್ಲ, ಕಾಲೊತ್ತಲಿಲ್ಲ. ಒಂದೇ ಒಂದು ಸಲ ನಿನ್ನ ಕೈ ಹಿಡಿಯಬೇಕು ಅಂತ ಈಗ ಜೀವ ಹಂಬಲಿಸುತ್ತದೆ. ಮೂರು ಮಾರು ನಡೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಎಲ್ಲಿದ್ದರೂ ತಣ್ಣಗಿರು. ನಿನ್ನ ಮಗಳ ಕೈ ನನ್ನ ಕೈಯಲ್ಲಿದೆ.

ನಿನ್ನ
ಪುಷ್ಪ